ಮಗ ಬಾಡಿಗೆಗೆ ಕೊಟ್ಟ ಖಾತೆಯಲ್ಲಿ ಡ್ರಗ್ಸ್ ದುಡ್ಡು ಓಡಾಡಿದೆಯಂತೆ. ನನ್ನ ಖಾತೆಯೂ ಫ್ರೀಜ್ ಆಗಿದೆ. ದಾರಿ ಹೇಳಿ

ತಿಪಟೂರು ತೋಟದವನು

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಿಪಟೂರು ತಾಲ್ಲೂಕಿನಲ್ಲಿ ನನಗೆ ಎರಡೂವರೆ ಎಕರೆ ತೆಂಗಿನ ತೋಟ ಇದೆ. ಊರಲ್ಲಿ ಒಂದು ಹಿಟ್ಟಿನ ಗಿರಣಿ. ಒಬ್ಬನೇ ಮಗ, 21 ವರ್ಷ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಡಿಗ್ರಿ ಕೊನೇ ವರ್ಷ ಓದುತ್ತಿದ್ದಾನೆ.

ಪಕ್ಕದ ರೂಮಿನ ಹುಡುಗ ಇವನ ಹತ್ತಿರ ಒಂದು ಹೊಸ ಅಕೌಂಟ್ ತೆಗೆಸಿದ್ದಾನೆ. ಎಟಿಎಂ ಕಾರ್ಡು, ಅದಕ್ಕೆ ಜೋಡಿಸಿದ ಸಿಮ್ಮು ಎರಡೂ ಆ ಹುಡುಗನ ಕೈಯಲ್ಲೇ. ತಿಂಗಳಿಗೆ 6,000 ಕೊಡುತ್ತೇನೆ, ಆನ್‌ಲೈನ್ ಗೇಮಿನ ದುಡ್ಡು ಬರುತ್ತೆ ಅಂದನಂತೆ. ಇವನು ಹೂಂ ಅಂದಿದ್ದಾನೆ. ನಾಲ್ಕು ತಿಂಗಳು ಹಾಗೇ ನಡೆದಿದೆ. ಈಗ ಆ ಹುಡುಗ ಎಂಡಿಎಂಎ ಅನ್ನೋ ಪುಡಿಯ ಜೊತೆ ಸಿಕ್ಕಿಬಿದ್ದು ಒಳಗಿದ್ದಾನೆ.

ಮಗ ಆ ಖಾತೆಯ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿಕೊಂಡು ಬಂದ. 23 ಪುಟ. 1,500, 3,000, 4,500 ಹೀಗೆ ಚೂರುಚೂರಾಗಿ ಬಂದಿದೆ. ಶನಿವಾರ ರಾತ್ರಿ ಜಾಸ್ತಿ. ಬೆಳಗಾಗುವುದರೊಳಗೆ ಎಲ್ಲ ಖಾಲಿ. ನನ್ನ ಗಿರಣಿಗೆ ಹಬ್ಬದ ಹಿಂದಿನ ದಿನವೂ ಅಷ್ಟು ಗಿರಾಕಿ ಬಂದಿಲ್ಲ. ಒಟ್ಟು 11 ಲಕ್ಷದ 40 ಸಾವಿರ ಹಾದುಹೋಗಿದೆ. ಉಳಿದಿರುವುದು 212 ರೂಪಾಯಿ.

ಇದರ ಮಧ್ಯೆ ಮಗ ಆ ಖಾತೆಯಿಂದ ನನಗೆ ಎರಡು ಸಲ ತಲಾ 20 ಸಾವಿರ ಹಾಕಿಸಿದ್ದ. ಪಾರ್ಟ್ ಟೈಮ್ ಕೆಲಸದ ಸಂಬಳ ಅಂದಿದ್ದ. ನಾನು ಅದರಲ್ಲಿ ಗಿರಣಿ ಮೋಟಾರಿಗೆ ವೈಂಡಿಂಗ್ ಮಾಡಿಸಿದೆ. ಊರಲ್ಲಿ ನಾಲ್ಕು ಜನರ ಹತ್ತಿರ ಹೇಳಿಕೊಂಡೂ ಬಂದೆ, ಮಗ ದುಡಿಯೋಕೆ ಶುರು ಮಾಡಿದ ಅಂತ.

ಹೋದ ಸೋಮವಾರ ಕಾಯಿ ಸುಲಿದವರಿಗೆ ಕೂಲಿ ಕೊಡಲು ಬ್ಯಾಂಕಿಗೆ ಹೋದರೆ, ದುಡ್ಡು ತೆಗೆಯೋಕೆ ಬರಲ್ಲ, ಮೇಲಿಂದ ಲೆಟರ್ ಬಂದಿದೆ ಎಂದರು. ಯಾವ ಮೇಲಿಂದ ಅಂತ ಕೇಳಿದರೆ ಹೇಳಲಿಲ್ಲ. ಅದರಲ್ಲಿ ನನ್ನ ಕೊಬ್ಬರಿ ಮಾರಿದ 2,86,000 ಇದೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟು ಕಾದ ಕೊಬ್ಬರಿ ಅದು.

ಮಗನಿಗೂ ಒಂದು ನೋಟಿಸ್ ಬಂದಿದೆ. ಮುಂದಿನ ವಾರ ಬಂದು ಹೇಳಿಕೆ ಕೊಡಬೇಕಂತೆ. ಅದರಲ್ಲಿ ಸೆಕ್ಷನ್ 67 ಅಂತ ಇದೆ. ಅವನು ಒಂದು ಗ್ರಾಂ ಪುಡಿಯನ್ನೂ ಮುಟ್ಟಿದವನಲ್ಲ, ಅದನ್ನು ನಾನು ನಂಬುತ್ತೇನೆ. ಪುಡಿ ಮಾರದವನ ಮೇಲೂ ಕೇಸ್ ಆಗುತ್ತಾ? ನನ್ನ ಮನೆ, ತೋಟ ಹೋಗುತ್ತಾ? ಅವನು ಹೇಳಿಕೆ ಕೊಡೋಕೆ ಹೋಗಬೇಕಾ, ಬೇಡವಾ? ಬಲ್ಲವರು ಹೇಳಿ. ಮನೆಯಲ್ಲಿ ಅವಳಿಗೆ ಇನ್ನೂ ಪೂರ್ತಿ ಹೇಳಿಲ್ಲ.

ನೇರಮಾತು

ಸುಮ್ನೆ ತಿಂಗಳಿಗೆ ಆರು ಸಾವಿರ ಯಾರು ಕೊಡುತ್ತಾರೆ ಸ್ವಾಮಿ? ಡಿಗ್ರಿ ಓದುವ ಹುಡುಗನಿಗೆ ಅಷ್ಟೂ ಗೊತ್ತಾಗಲಿಲ್ವಾ? ಗೊತ್ತಿದ್ದೇ ಮಾಡಿದ್ದಾನೆ. ಅನುಭವಿಸಲಿ.

ಹಾಸನದ ಹಳೇ ಕ್ಯಾಷಿಯರ್

ನೇರಮಾತು ಅವರೇ, ಅಷ್ಟು ಸಲೀಸಾಗಿ ಹೇಳಬೇಡಿ. ನಾನು 34 ವರ್ಷ ಬ್ಯಾಂಕಿನಲ್ಲಿದ್ದವನು. ಇಂಥ ಹುಡುಗರನ್ನು ಕೌಂಟರಿನ ಆಚೆ ಬದಿಯಲ್ಲಿ ನೋಡಿದ್ದೇನೆ.

ತೋಟದವರೇ, ಒಂದು ಕತೆ ಹೇಳುತ್ತೇನೆ. ಉದ್ದವಾಗುತ್ತದೆ, ಬೇಜಾರಿಲ್ಲ ತಾನೆ. 2011ರಲ್ಲೋ 12ರಲ್ಲೋ, ನಾನು ಬೆಂಗಳೂರಿನ ಒಂದು ಶಾಖೆಯಲ್ಲಿದ್ದೆ. ವಾರಕ್ಕೆ ಮೂರು ಸಲ ಒಬ್ಬ ಹುಡುಗ ಬರುತ್ತಿದ್ದ. ಪ್ರತಿ ಸಲವೂ 49,500 ಕಟ್ಟುತ್ತಿದ್ದ. ಆಗ ದಿನಕ್ಕೆ 50,000 ಮುಟ್ಟಿ ನಗದು ಕಟ್ಟಿದರೆ ಪ್ಯಾನ್ ನಂಬರ್ ಕೊಡಬೇಕಿತ್ತು, ಅದಕ್ಕೇ ಐನೂರು ಕಮ್ಮಿ. ಏನಪ್ಪಾ ಕೆಲಸ ಅಂದೆ. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಅಂದ.

ಹೂವಿನವರ ದುಡ್ಡು ನನಗೆ ಗೊತ್ತು. ಒದ್ದೆಯಾಗಿರುತ್ತದೆ. ಹತ್ತು, ಇಪ್ಪತ್ತು, ಐವತ್ತರ ನೋಟು, ಮುದುಡಿ ಮೆತ್ತಗಾಗಿರುತ್ತದೆ. ಎಣಿಸಿದ ಮೇಲೆ ಬೆರಳಿಗೆ ಸೇವಂತಿಗೆ ವಾಸನೆ ಬರುತ್ತದೆ. ಇವನು ತರುತ್ತಿದ್ದುದು ಬರೀ ಐನೂರರ ನೋಟು, ರಬ್ಬರ್ ಬ್ಯಾಂಡ್ ಸುತ್ತಿದ್ದು, ಒಣಗಿದ್ದು. ಚಲನ್ ತುಂಬಿದ ಕೈಬರಹ ಒಂದು, ಕೆಳಗಿನ ಸಹಿ ಇನ್ನೊಂದು. ನಾನು ಮ್ಯಾನೇಜರಿಗೆ ಹೇಳಿದೆ. ಅವರು ಮೇಲಕ್ಕೆ ವರದಿ ಹಾಕಿದರು.

ಆ ವರದಿಗೆ ಎಸ್‌ಟಿಆರ್ ಅನ್ನುತ್ತಾರೆ, ಅನುಮಾನದ ವ್ಯವಹಾರದ ವರದಿ. ಅದು ದೆಹಲಿಯಲ್ಲಿರುವ ಎಫ್‌ಐಯು ಅನ್ನೋ ಕಚೇರಿಗೆ ಹೋಗುತ್ತದೆ. 2004ರಲ್ಲಿ ಶುರುವಾದ ಕಚೇರಿ. 10 ಲಕ್ಷ ದಾಟಿದ ನಗದಿನ ಲೆಕ್ಕ ಬೇರೆ, ಅದು ತಿಂಗಳು ತಿಂಗಳು ತಾನಾಗಿ ಹೋಗುತ್ತದೆ. ಆದರೆ ಅನುಮಾನಕ್ಕೆ ಮೊತ್ತದ ಮಿತಿ ಇಲ್ಲ. ನೂರು ರೂಪಾಯಿಯ ಮೇಲೂ ಬರೆಯಬಹುದು. ಮತ್ತೆ, ವರದಿ ಹಾಕಿದ್ದನ್ನು ಗಿರಾಕಿಗೆ ಹೇಳುವಂತಿಲ್ಲ, ಅದು ಕಾನೂನು. ಆ ಹುಡುಗ ಆಮೇಲೂ ನಗುತ್ತಾ ಬರುತ್ತಿದ್ದ, ನಾನೂ ನಗುತ್ತಾ ಸೀಲ್ ಹಾಕುತ್ತಿದ್ದೆ. ಎಂಟು ತಿಂಗಳ ಮೇಲೆ ಪೊಲೀಸರು ಆ ಖಾತೆಯ ಲೆಕ್ಕ ಕೇಳಿಕೊಂಡು ಬಂದರು. ಗಾಂಜಾ ದುಡ್ಡು. ಹುಡುಗನಿಗೆ ಸಿಗುತ್ತಿದ್ದುದು ಒಂದು ಸಲ ಕಟ್ಟಿದ್ದಕ್ಕೆ 300 ರೂಪಾಯಿ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವನು, ಹೂವಿನವನೇ ಅಲ್ಲ.

ಈಗ ನಿಮ್ಮ ಮಗನ ಕೈಲಿ ಆಗಿರುವುದೂ ಅದೇ, ಸಾಮಾನು ಮಾತ್ರ ಬದಲಾಗಿದೆ. ಇಂಥ ಖಾತೆಗೆ ನಮ್ಮವರು ಮ್ಯೂಲ್ ಅಕೌಂಟ್ ಅನ್ನುತ್ತಾರೆ. ಮ್ಯೂಲ್ ಅಂದರೆ ಹೇಸರಗತ್ತೆ. ಹೊರೆ ಯಾರದೋ, ಬೆನ್ನು ಇದರದ್ದು.

ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಒಬ್ಬ ಬೇರೆಯವರ ತೋಟದಲ್ಲಿ ಕಾಯಿ ಕದ್ದ ಅಂತಿಟ್ಟುಕೊಳ್ಳಿ. ಹಾಗೇ ಮಂಡಿಗೆ ತಂದರೆ ಸಿಕ್ಕಿಬೀಳುತ್ತಾನೆ. ಅದಕ್ಕೆ ಹತ್ತು ಮನೆಯ ಅಟ್ಟದಲ್ಲಿ ಹತ್ತಿಪ್ಪತ್ತು ಕಾಯಿ ಇಡುತ್ತಾನೆ. ಆಮೇಲೆ ಈ ಅಟ್ಟದ್ದು ಆ ಅಟ್ಟಕ್ಕೆ, ಆ ಅಟ್ಟದ್ದು ಇನ್ನೊಂದಕ್ಕೆ. ಕೊನೆಗೆ ಕೊಬ್ಬರಿಯಾದ ಮೇಲೆ ಒಳ್ಳೆಯ ರಾಶಿಯೊಳಗೆ ಸುರಿದುಬಿಟ್ಟರೆ ಯಾವುದು ಯಾರ ಮರದ್ದು? ಮನಿ ಲಾಂಡರಿಂಗ್ ಅಂದರೆ ಇಷ್ಟೇ. ನಿಮ್ಮ ಮಗ ಅಟ್ಟ ಬಾಡಿಗೆಗೆ ಕೊಟ್ಟಿದ್ದಾನೆ. 40 ಸಾವಿರದ ಮಟ್ಟಿಗೆ ನಿಮ್ಮ ರಾಶಿಗೂ ಸ್ವಲ್ಪ ಬಿದ್ದಿದೆ.

ಕೆಲಸದ ಮಾತು. ಮಂಡಿಯವರು ಕೊಟ್ಟ ಚೀಟಿ, ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಾದ ದಾಖಲೆ, ಪಹಣಿ, ಗಿರಣಿಯ ಕರೆಂಟ್ ಬಿಲ್, ವೈಂಡಿಂಗ್ ಮಾಡಿದವನ ರಸೀದಿ, ಎಲ್ಲ ಒಂದು ಕಡೆ ಜೋಡಿಸಿ. ನಿಮ್ಮ ಖಾತೆಯ ಆರು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ಆರು ಯಾಕೆ ಅಂತ ವಕೀಲರು ಯಾರಾದರೂ ಬಂದು ಹೇಳುತ್ತಾರೆ, ನನಗೆ ಸೆಕ್ಷನ್ ಬಾಯಿಗೆ ಬರಲ್ಲ.

ಕರಿಕೋಟು

ಬಂದೆ. ಬೆಂಗಳೂರಿನಲ್ಲಿ ವಕೀಲೆ, ಎನ್‌ಡಿಪಿಎಸ್ ಕೇಸುಗಳನ್ನು, ಅಂದರೆ ಡ್ರಗ್ಸ್ ಕಾಯ್ದೆಯವನ್ನು, ನೋಡುತ್ತೇನೆ. ಕಾಗದ ನೋಡದೆ ಹೇಳುವ ಮಾತಿಗೆ ಅಷ್ಟೇ ಬೆಲೆ, ನಿಮ್ಮ ವಕೀಲರು ಹೇಳಿದ್ದೇ ಕೊನೆ.

ಯಜಮಾನ್ರೇ, ನಾಳೆ ಬ್ಯಾಂಕಿಗೆ ಹೋಗಿ ಒಂದು ಅರ್ಜಿ ಬರೆದುಕೊಡಿ. ಯಾರು, ಯಾವ ಸೆಕ್ಷನ್ ಕೆಳಗೆ ನನ್ನ ಖಾತೆ ತಡೆದಿದ್ದಾರೆ, ಆ ಪತ್ರದ ಪ್ರತಿ ಕೊಡಿ ಅಂತ. ನಿಮ್ಮ ಮುಂದಿನ ದಾರಿ ಪೂರ್ತಿ ಆ ಉತ್ತರದ ಮೇಲಿದೆ. ಪೊಲೀಸರು ಬಿಎನ್‌ಎಸ್‌ಎಸ್ 106ರಲ್ಲಿ (ಪೊಲೀಸ್ ತನಿಖೆ, ಜಪ್ತಿಯ ಸಾಮಾನ್ಯ ಕಾನೂನು) ತಡೆದಿದ್ದರೆ ಅದನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ತಿಳಿಸಿರಬೇಕು, ಬಿಡಿಸಿಕೊಳ್ಳಲು ನೀವು ಕೋರ್ಟಿಗೆ ಹೋಗುತ್ತೀರಿ. ಎನ್‌ಡಿಪಿಎಸ್ ಕಾಯ್ದೆಯ 68ಎಫ್‌ನಲ್ಲಿ ತಡೆದಿದ್ದರೆ ಲೆಕ್ಕ ಬೇರೆ. ಆ ಆದೇಶದ ಪ್ರತಿ ನಿಮಗೆ ಬರಲೇಬೇಕು. 48 ಗಂಟೆಯೊಳಗೆ ಸಕ್ಷಮ ಪ್ರಾಧಿಕಾರ ಅನ್ನೋ ಅಧಿಕಾರಿಗೂ ಹೋಗಬೇಕು. ಅವರು 30 ದಿನದೊಳಗೆ ಖಾಯಂ ಮಾಡದಿದ್ದರೆ ಆದೇಶ ಬಿದ್ದುಹೋಗುತ್ತದೆ. ಎಷ್ಟೋ ಜನ ಆ ತಾರೀಖು ಎಣಿಸುವುದೇ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಪುಡಿ ಮುಟ್ಟದವನ ಮೇಲೆ ಕೇಸ್ ಆಗುತ್ತಾ? ಆಗುತ್ತದೆ. ಎನ್‌ಡಿಪಿಎಸ್ ಕಾಯ್ದೆಯಲ್ಲೇ 8ಎ ಅಂತ ಒಂದು ಸೆಕ್ಷನ್ ಇದೆ. ಡ್ರಗ್ಸಿನಿಂದ ಬಂದದ್ದು ಅಂತ ಗೊತ್ತಿದ್ದೂ ಆ ಆಸ್ತಿಯನ್ನು ಕೈಬದಲಿಸುವುದು, ಮೂಲ ಮರೆಮಾಚುವುದು, ಇಟ್ಟುಕೊಳ್ಳುವುದು, ಬಳಸುವುದು, ಎಲ್ಲ ತಪ್ಪು. ಶಿಕ್ಷೆ 27ಬಿ ಯಲ್ಲಿದೆ, 3ರಿಂದ 10 ವರ್ಷ. ನಾನು ಹೆಚ್ಚು ಹೆದರುವುದು 27ಎ ಗೆ. ಅದು ಈ ದಂಧೆಗೆ ಹಣ ಹೂಡುವವರ ಮೇಲಿನ ಸೆಕ್ಷನ್, 10ರಿಂದ 20 ವರ್ಷ, ಜಾಮೀನು ಕಬ್ಬಿಣದ ಕಡಲೆ. ಖಾತೆಯಲ್ಲಿ ದುಡ್ಡು ಓಡಾಡಿದ್ದು ಕಂಡ ತಕ್ಷಣ ಅದನ್ನು ಹಾಕಲು ತನಿಖೆಯವರಿಗೆ ಆಸೆ ಆಗುತ್ತದೆ. ಆದರೆ ಮಾರಿದ ಮೇಲೆ ಬಂದ ದುಡ್ಡನ್ನು ಸಾಗಿಸುವುದೇ ಬೇರೆ, ದಂಧೆಗೆ ಬಂಡವಾಳ ಹಾಕುವುದೇ ಬೇರೆ. ನಿಮ್ಮ ವಕೀಲರು ಈ ಗೆರೆ ಎಳೆಯಬೇಕು.

(ಈ 27ಎ ದೇ ಒಂದು ತಮಾಷೆ ಇದೆ. 2014ರಲ್ಲಿ ಕಾಯ್ದೆ ತಿದ್ದುವಾಗ ಒಂದು ವ್ಯಾಖ್ಯೆಯ ಕ್ರಮಾಕ್ಷರ ಬದಲಾಯಿತು, 27ಎ ಯೊಳಗೆ ಹಳೇ ಅಕ್ಷರವೇ ಉಳಿಯಿತು. ಏಳು ವರ್ಷ ಆ ಸೆಕ್ಷನ್ ಖಾಲಿ ಡಬ್ಬದ ಕಡೆ ಬೆರಳು ತೋರಿಸುತ್ತಾ ನಿಂತಿತ್ತು. 2021ರಲ್ಲಿ ಸಂಸತ್ತು ಕೂತು ಒಂದಕ್ಷರ ಸರಿಮಾಡಿತು. ನಮ್ಮ ಕಕ್ಷಿದಾರರು ಅರ್ಜಿಯಲ್ಲಿ ಇನಿಷಿಯಲ್ ತಪ್ಪು ಬರೆದರೆ ಮಾತ್ರ ಮೂರು ತಿಂಗಳು ಅಲೆಸುತ್ತಾರೆ.)

ಇದರ ಮೇಲೆ ಪಿಎಂಎಲ್‌ಎ, ಅಂದರೆ ದುಡ್ಡು ತೊಳೆಯುವುದರ ಮೇಲಿನ ಇ.ಡಿ.ಯವರ ಕಾಯ್ದೆ. ಅದರಲ್ಲಿ ಸಾಮಾನ್ಯವಾಗಿ 7 ವರ್ಷದವರೆಗೆ ಶಿಕ್ಷೆ, ಮೂಲ ಅಪರಾಧ ಡ್ರಗ್ಸಿನದಾದರೆ 10 ವರ್ಷದವರೆಗೆ. ಜಾಮೀನಿಗೆ ಎರಡು ಗಟ್ಟಿ ಷರತ್ತು ಇವೆ. ಆದರೆ ಲಾಂಡರಿಂಗ್ ಆರೋಪದ ಮೊತ್ತ 1 ಕೋಟಿಗಿಂತ ಕಮ್ಮಿ ಇದ್ದರೆ ಆ ಷರತ್ತು ಬಿಟ್ಟು ಜಾಮೀನು ಕೊಡಲು ಕೋರ್ಟಿಗೆ ಅವಕಾಶ ಇದೆ. ನಿಮ್ಮದು 11 ಲಕ್ಷ. ಅಲ್ಲಿಯವರೆಗೆ ಬರಲಿಕ್ಕಿಲ್ಲ ಅಂತ ಕಾಣುತ್ತದೆ, ಬಂದರೂ ಇಷ್ಟು ಉಸಿರಾಡಲು ಜಾಗ ಇದೆ.

ಎರಡು ಕಾಯ್ದೆಗೂ ನಡುವೆ ಒಂದು ಮುಖ್ಯ ವ್ಯತ್ಯಾಸ. ಎನ್‌ಡಿಪಿಎಸ್‌ನ 67ರ ನೋಟಿಸಿಗೆ ಹೋಗಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ಮೇಲೇ ಸಾಕ್ಷ್ಯವಾಗಿ ಬಳಸುವಂತಿಲ್ಲ. ತೂಫಾನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಹಾಗೆ ಹೇಳಿತು. ಆ ಅಧಿಕಾರಿಗಳೂ ಪೊಲೀಸರೇ ಅಂತ ಅದರ ತರ್ಕ. ಇ.ಡಿ. ಸಮನ್ಸ್ ಹಾಗಲ್ಲ. ವಿಜಯ್ ಮದನ್‌ಲಾಲ್ ಚೌಧರಿ ಕೇಸಿನಲ್ಲಿ, 2022ರ ಜುಲೈನಲ್ಲಿ, ಇ.ಡಿ.ಯವರು ಪೊಲೀಸರಲ್ಲ ಎಂದಿತು. ಅಲ್ಲಿ ಹೇಳಿದ್ದು ನಿಲ್ಲುತ್ತದೆ. ಒಂದೇ ಹುಡುಗ, ಒಂದೇ ಮಾತು, ಎರಡು ಮೇಜು.

ಆದ್ದರಿಂದ 67ಕ್ಕೆ ಹೋಗದೇ ಇರಬೇಡಿ. ಹೋಗದಿದ್ದರೆ ತಲೆ ತಪ್ಪಿಸಿಕೊಂಡ ಎನ್ನುತ್ತಾರೆ. ಹೋಗುವ ಮೊದಲು ವಕೀಲರ ಹತ್ತಿರ ಕೂರಿಸಿ. ಹೇಳಿಕೆ ಓದದೆ ಸಹಿ ಹಾಕಬಾರದು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬೇಕು. ನೀವೇನೋ ಅಪ್ಪನ ಪ್ರೀತಿಯಲ್ಲಿ ಕತೆ ಕಟ್ಟಿ ಕಲಿಸಬೇಡಿ.

ಮನೆ, ತೋಟದ್ದು ರಾತ್ರಿ ಬರೆಯುತ್ತೇನೆ. ಕೋರ್ಟಿಗೆ ಹೊತ್ತಾಯಿತು.

ಎಂ.ಕಾಂ. ಓದುವವಳು

ಒಂದು ಸಂಶಯ. ಡ್ರಗ್ಸ್ ಮಾರುವವರನ್ನು ಹಿಡಿದರೆ ಸಾಲದಾ? ದುಡ್ಡಿನ ಮೇಲೆ ಇಷ್ಟೊಂದು ಕಾನೂನು ಯಾಕೆ? ನಮ್ಮ ಪಾಠದಲ್ಲಿ ಪಿಎಂಎಲ್‌ಎ 2002 ಅಂತ ಒಂದು ಸಾಲು ಇದೆ ಅಷ್ಟೇ.

ಹಾಸನದ ಹಳೇ ಕ್ಯಾಷಿಯರ್

ಒಳ್ಳೇ ಪ್ರಶ್ನೆ ಮಗಳೇ. ಹಿಡಿದವನು ಒಳಗೆ ಹೋದರೆ ಮಾರುವವನು ಇನ್ನೊಬ್ಬ ಸಿಗುತ್ತಾನೆ. ದುಡ್ಡು ಸಿಕ್ಕರೆ ಬಂಡವಾಳವೇ ಹೋಗುತ್ತದೆ. 1988ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದದಲ್ಲಿ ಇದು ಬಂತು. ಡ್ರಗ್ಸಿನ ದುಡ್ಡು ತೊಳೆಯುವುದನ್ನೇ ಅಪರಾಧ ಮಾಡಿ, ಆ ಆಸ್ತಿ ಮುಟ್ಟುಗೋಲು ಹಾಕಿ, ಬ್ಯಾಂಕಿನ ಗುಟ್ಟು ಅಂತ ನೆಪ ಹೇಳಬೇಡಿ ಅಂತ. ಮರುವರ್ಷವೇ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಗೆ ಆಸ್ತಿ ಜಪ್ತಿಯ ಒಂದು ಅಧ್ಯಾಯ ಸೇರಿಸಿದರು. ಮೇಲೆ ವಕೀಲರು ಹೇಳಿದ 68ರ ಸೆಕ್ಷನ್‌ಗಳೆಲ್ಲ ಅದರವು. ಎಫ್‌ಎಟಿಎಫ್ ಅನ್ನೋ, ದುಡ್ಡು ತೊಳೆಯುವುದನ್ನು ತಡೆಯುವ ಅಂತಾರಾಷ್ಟ್ರೀಯ ಕೂಟ ಹುಟ್ಟಿದ್ದೂ 1989ರಲ್ಲೇ, ನಾವು ಅದರ ಸದಸ್ಯರಾಗಿದ್ದು 2010ರಲ್ಲಿ.

ನಿಮ್ಮ ಪಾಠದ ಪಿಎಂಎಲ್‌ಎ ಹೆಸರಿಗೆ 2002, ಜಾರಿಗೆ ಬಂದದ್ದು 2005ರ ಜುಲೈ 1ಕ್ಕೆ. ಅದರ ಪೀಠಿಕೆ ಓದಿ ನೋಡಿ. 1998ರ ಜೂನಿನಲ್ಲಿ ನಡೆದ ವಿಶ್ವಸಂಸ್ಥೆಯ ವಿಶೇಷ ಅಧಿವೇಶನದ ಮಾತು ಬರುತ್ತದೆ. ಅದು ಡ್ರಗ್ಸ್ ಬಗ್ಗೆಯೇ ಕರೆದ ಸಭೆ. ಈಗ ಆ ಕಾಯ್ದೆ ಅಂದರೆ ಜನರಿಗೆ ರಾಜಕಾರಣಿಗಳ ಮನೆ ರೇಡೇ ನೆನಪಾಗುತ್ತದೆ. ಹುಟ್ಟಿದ್ದು ಪುಡಿಯ ದುಡ್ಡಿಗೆ. 2023ರ ಮಾರ್ಚಿನಿಂದ ಕ್ರಿಪ್ಟೋ ವ್ಯಾಪಾರ ನಡೆಸುವವರೂ ನಮ್ಮ ಬ್ಯಾಂಕಿನವರ ಹಾಗೆ ವರದಿ ಕೊಡಬೇಕು.

ಇನ್ನೊಂದು ಹೇಳದೆ ಇರಲಾರೆ. 2012ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಅಮೆರಿಕ ಸರ್ಕಾರಕ್ಕೆ 190 ಕೋಟಿ ಡಾಲರ್ ಕಟ್ಟಿ ಕೇಸ್ ಮುಗಿಸಿಕೊಂಡಿತು. ಮೆಕ್ಸಿಕೋ, ಕೊಲಂಬಿಯಾದ ಡ್ರಗ್ಸ್ ಗುಂಪುಗಳ 88 ಕೋಟಿ ಡಾಲರಿಗೂ ಹೆಚ್ಚು ದುಡ್ಡು ಅದರ ಮೂಲಕ ಹರಿದಿತ್ತು. ಮೆಕ್ಸಿಕೋದ ಶಾಖೆಗಳಲ್ಲಿ ಕೌಂಟರಿನ ಕಿಟಕಿಗೆ ಸರಿಯಾಗಿ ಕೂರುವ ಅಳತೆಯ ಪೆಟ್ಟಿಗೆ ಮಾಡಿಸಿಕೊಂಡು ನೋಟು ತಳ್ಳುತ್ತಿದ್ದರಂತೆ. ಓದಿದಾಗ ನಮ್ಮ ಕ್ಯಾಬಿನ್ನಿನ ಕಿಟಕಿಯನ್ನು ಎದ್ದು ಹೋಗಿ ಗೇಣು ಹಾಕಿ ಅಳೆದೆ. ಆ ಕೇಸಿನಲ್ಲಿ ಬ್ಯಾಂಕಿನ ಒಬ್ಬ ದೊಡ್ಡವನೂ ಜೈಲಿಗೆ ಹೋಗಲಿಲ್ಲ. 300 ರೂಪಾಯಿಯ ಹುಡುಗನ ಮುಖ ನೆನಪಾಯಿತು.

ಕುಡ್ಲದ ಅಕ್ಕ

ನನ್ನ ತಮ್ಮನದ್ದು ಮಂಗಳೂರಿನಲ್ಲಿ ಜ್ಯೂಸ್ ಅಂಗಡಿ. ಯಾರೋ ಕ್ಯೂಆರ್ ಸ್ಕ್ಯಾನ್ ಮಾಡಿ 640 ರೂಪಾಯಿ ಹಾಕಿದ್ದು ಕೇಸಿನ ದುಡ್ಡಂತೆ, ಇಡೀ ಕರೆಂಟ್ ಅಕೌಂಟ್ ನಿಂತುಹೋಯಿತು. ಹಾಲಿನವನಿಗೂ ಕೊಡಲು ದುಡ್ಡಿಲ್ಲ. ಏಳು ವಾರ ಅಲೆದ. ಕೊನೆಗೆ ಆ 640 ಮಾತ್ರ ಹಿಡಿದಿಟ್ಟು ಉಳಿದದ್ದು ಬಿಟ್ಟರು. ನೀವೂ ಹಾಗೇ ಕೇಳಿ ಅಣ್ಣ. ಮತ್ತೆ ಅತ್ತಿಗೆಗೆ ಹೇಳಿಬಿಡಿ, ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ.

ಕರಿಕೋಟು

ಅಕ್ಕ ಹೇಳಿದ್ದು ನಾನು ಬರೆಯಬೇಕೆಂದಿದ್ದ ಮಾತೇ. ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿ: 40,000 ಇರಲಿ, ಕೊಬ್ಬರಿಯ ದುಡ್ಡು ಬಿಡಿ. ಮಂಡಿ ಚೀಟಿಯ ತಾರೀಖಿಗೂ ಖಾತೆಗೆ ದುಡ್ಡು ಬಿದ್ದ ತಾರೀಖಿಗೂ ತಾಳೆ ಹಾಕಿ ಒಂದು ಹಾಳೆಯಲ್ಲಿ ತೋರಿಸಿ. ಆ 40,000 ನನಗೆ ಗೊತ್ತಿಲ್ಲದೆ ಬಂತು ಅಂದರೂ ಅದು ಮೋಟಾರಾಗಿ ಹೋದರೂ, ಅಷ್ಟು ಮೊತ್ತದ ಮೇಲೆ ಕಣ್ಣು ಇದ್ದೇ ಇರುತ್ತದೆ. ಅದನ್ನು ಉಳಿಸಿಕೊಳ್ಳುವ ಹಟ ಬೇಡ.

ಈಗ ಮನೆ, ತೋಟ. ಎನ್‌ಡಿಪಿಎಸ್ ಆಸ್ತಿ ಜಪ್ತಿಯ ಅಧ್ಯಾಯ ಶಿಕ್ಷೆಯಾದವರಿಗೆ ಮಾತ್ರ ಅಲ್ಲ. ಹತ್ತು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಕೇಸಿನಲ್ಲಿ ಬಂಧನವಾದರೂ ಸಾಕು. ಅವರ ಸಂಬಂಧಿಕರಿಗೂ ಅನ್ವಯಿಸುತ್ತದೆ, ಆ ಪಟ್ಟಿಯಲ್ಲಿ ಅಪ್ಪ ಇದ್ದಾನೆ. ಬಂಧನಕ್ಕೆ ಹಿಂದಿನ ಆರು ವರ್ಷದಲ್ಲಿ ಬಂದ ಆಸ್ತಿ ನೋಡುತ್ತಾರೆ. ಕ್ಯಾಷಿಯರ್ ಸರ್ ಹೇಳಿದ ಆರು ಇದೇ. ನೋಟಿಸ್ ಬಂದರೆ ದುಡ್ಡಿನ ಮೂಲ ತೋರಿಸುವ ಹೊಣೆ ನಿಮ್ಮದು. ಇಲ್ಲಿ ಸರ್ಕಾರ ಸಾಬೀತು ಮಾಡಲಿ ಅಂತ ಕೈಕಟ್ಟಿ ಕೂರುವ ಹಾಗಿಲ್ಲ. ಕೆಲವರು ಹಾಗೆ ಕೂತು ಸೈಟು ಕಳೆದುಕೊಂಡಿದ್ದನ್ನು ನೋಡಿದ್ದೇನೆ.

ಆದರೆ ಸಂಬಂಧಿಕ ಅನ್ನೋ ಒಂದೇ ಕಾರಣಕ್ಕೆ ಅವನ ಸ್ವಂತ ಆಸ್ತಿ ಹೋಗುವುದಿಲ್ಲ. ಸಂಬಂಧಿಕರ ಹೆಸರಿನಲ್ಲಿ ಬಚ್ಚಿಟ್ಟದ್ದನ್ನು ಹುಡುಕಲು ಅವರನ್ನು ಸೇರಿಸಿದ್ದು, ಅವರ ಬೆವರಿನ ಆಸ್ತಿ ಕಿತ್ತುಕೊಳ್ಳಲು ಅಲ್ಲ ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಕಳ್ಳಸಾಗಣೆಯ ಕಾಯ್ದೆಯೊಂದರಲ್ಲಿ ಹೇಳಿತು. 2008ರ ಅಸ್ಲಂ ಮರ್ಚೆಂಟ್ ಕೇಸಿನಲ್ಲಿ ಎನ್‌ಡಿಪಿಎಸ್ ಬಗ್ಗೆಯೇ ಹೇಳಿತು: ಡ್ರಗ್ಸ್ ದುಡ್ಡಿಗೂ ಆ ಆಸ್ತಿಗೂ ನೇರ ಕೊಂಡಿ ಇರಬೇಕು, ಅಧಿಕಾರಿ ಅದನ್ನು ನಂಬಲು ಕಾರಣ ಬರೆಯಬೇಕು. ತೋಟ ನಿಮ್ಮ ಅಪ್ಪನಿಂದ ಬಂದದ್ದಾ? ಮನೆ ಕಟ್ಟಿದ್ದು ಯಾವಾಗ? ಹಳೆಯದಾದರೆ ನಿದ್ದೆ ಮಾಡಿ.

ಪಿಎಂಎಲ್‌ಎ ಕಡೆಯಿಂದಲೂ ಒಂದು ತೀರ್ಪು ನೆನಪಿಡಿ. 2023ರ ನವೆಂಬರಿನ ಪಾವನಾ ದಿಬ್ಬೂರ್ ಕೇಸ್, ಬೆಂಗಳೂರಿನಿಂದ ಹೋದದ್ದು. ಅಪರಾಧಕ್ಕೆ ಮೊದಲೇ ಕೊಂಡ ಆಸ್ತಿ ಆ ಅಪರಾಧದ ಗಳಿಕೆ ಆಗಲಾರದು ಎಂದರು. ಆದರೆ ಗಳಿಕೆ ಕೈಗೆ ಸಿಗದಿದ್ದರೆ ಅಷ್ಟೇ ಬೆಲೆಯ ಬೇರೆ ಆಸ್ತಿಗೆ ಕೈಹಾಕಲು ಕಾಯ್ದೆಯಲ್ಲಿ ದಾರಿ ಇದೆ, ಅದಕ್ಕೇ 40,000 ಬಿಟ್ಟುಕೊಡಿ ಅಂದದ್ದು.

ಉಳಿದದ್ದೆಲ್ಲ ಒಂದು ಪದದ ಮೇಲೆ ನಿಂತಿದೆ, ಗೊತ್ತಿದ್ದೂ ಅನ್ನೋ ಪದ. ಹುಡುಗನಿಗೆ ಗೇಮಿನ ದುಡ್ಡು ಅಂತ ನಂಬಿಕೆ ಇತ್ತಾ, ಗೊತ್ತಾಗಿಯೂ ಸುಮ್ಮನಿದ್ದನಾ? ಫೋನಿನಲ್ಲಿ ಇಬ್ಬರ ಮಾತುಕತೆ ಇರುತ್ತದಲ್ಲ, ಕೇಸು ಅಲ್ಲಿದೆ.

ನೇರಮಾತು

ನಾನು ಹೇಳಿದ್ದೂ ಅದನ್ನೇ ಅಲ್ವಾ? ಹೇಳಿದ ರೀತಿ ಒರಟಾಯಿತು, ಅದಕ್ಕೆ ಕ್ಷಮೆ ಇರಲಿ ತೋಟದವರೇ. ನನಗೂ ಬೆಂಗಳೂರಿನಲ್ಲಿ ಓದುವ ಮಗ ಇದ್ದಾನೆ. ನಿನ್ನೆ ರಾತ್ರಿ ಫೋನ್ ಮಾಡಿ ಎಷ್ಟು ಅಕೌಂಟ್ ಇದೆ ಅಂತ ಕೇಳಿದೆ.

ತಿಪಟೂರು ತೋಟದವನು

ಎಲ್ಲರಿಗೂ ಕೈಮುಗಿಯುತ್ತೇನೆ. ತೋಟ ಅಪ್ಪನ ಕಾಲದ್ದು. ಮನೆ 1998ರಲ್ಲಿ ಕಟ್ಟಿದ್ದು, ಮಗ ಹುಟ್ಟುವುದಕ್ಕೂ ಎಷ್ಟೋ ಮೊದಲು. ಗಿರಣಿಗೆ ಮಾತ್ರ ಎರಡು ವರ್ಷದ ಹಿಂದೆ ಹೊಸ ಕಲ್ಲು ಹಾಕಿಸಿದೆ, ಸೊಸೈಟಿ ಸಾಲ, ಕಾಗದ ಇದೆ.

ಇವತ್ತು ಬ್ಯಾಂಕಿನವರು ಪತ್ರ ತೋರಿಸಿದರು. 68ಎಫ್ ಅಂತಲೇ ಇದೆ. ಇವತ್ತಿಗೆ ಹನ್ನೊಂದನೇ ದಿನ. ನನಗೆ ಪ್ರತಿ ಬಂದಿಲ್ಲ. ಕ್ಯಾಲೆಂಡರಿನಲ್ಲಿ 30ನೇ ದಿನಕ್ಕೆ ಸುತ್ತು ಹಾಕಿದ್ದೇನೆ. ಅವಳು ನೋಡಿ ಏನದು ಅಂದಳು. ಆವಾಗ ಹೇಳಿಬಿಟ್ಟೆ. ಅಳಲಿಲ್ಲ. ಅಟ್ಟ ಹತ್ತಿ ಹಳೇ ಟ್ರಂಕು ಇಳಿಸಿದಳು. ಮಂಡಿ ಚೀಟಿಗಳನ್ನೆಲ್ಲ ವರ್ಷದ ಲೆಕ್ಕದಲ್ಲಿ ದಾರ ಕಟ್ಟಿ ಇಟ್ಟಿದ್ದಾಳೆ, ಹನ್ನೆರಡು ವರ್ಷದ್ದು. ನನಗೆ ಗೊತ್ತೇ ಇರಲಿಲ್ಲ. ಸೋಮವಾರ ಬೆಳಗಿನ ರೈಲಿಗೆ ಚೀಲ ತೆಗೆದುಕೊಂಡು ವಕೀಲರ ಹತ್ತಿರ ಬರುತ್ತಿದ್ದೇವೆ.

ಕರಿಕೋಟು ಮೇಡಂ, ನೀವು ಕೇಳಿದ ಆ ಪದದ ಬಗ್ಗೆ. ನಿನ್ನೆ ರಾತ್ರಿ ಗಿರಣಿ ಬಾಗಿಲು ಹಾಕಿ ಮಗನನ್ನು ಕೂರಿಸಿಕೊಂಡು ಕೇಳಿದೆ. ಎರಡನೇ ತಿಂಗಳೋ ಏನೋ, ಆ ಹುಡುಗ ಅವನಿಗೆ ಒಂದು ಮೆಸೇಜ್ ಹಾಕಿದ್ದನಂತೆ. ಅದರಲ್ಲಿ

ಕರಿಕೋಟು

ಸರ್, ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು, ಬೆರಳು ತಾಗಿ ಅರ್ಧಕ್ಕೇ ಹೋಗಿದೆ ಅಂತ ಕಾಣುತ್ತದೆ. ಉಳಿದದ್ದನ್ನು ಇಲ್ಲಿ ಬರೆಯಬೇಡಿ. ಇದನ್ನು ಯಾರು ಬೇಕಾದರೂ ಓದುತ್ತಾರೆ. ನಿಮ್ಮ ವಕೀಲರಿಗೆ ಹೇಳಿ, ಅವರೊಬ್ಬರಿಗೇ. ಮತ್ತೆ ಮಗನಿಗೆ ಈಗಲೇ ಹೇಳಿ: ಆ ಮೆಸೇಜ್ ಅಳಿಸಬಾರದು, ಫೋನ್ ಬದಲಿಸಬಾರದು, ಯಾರಿಗೂ ಕೊಡಬಾರದು. ಅಳಿಸಿದರೂ ಅದು ಆ ಕಡೆಯ ಫೋನಿನಲ್ಲಿ ಇದ್ದೇ ಇರುತ್ತದೆ, ಅದು ಜಪ್ತಿಯಾಗಿದೆ. ಆಗ ಅಳಿಸಿದ್ದೇ ಇನ್ನೊಂದು ಕೇಸು.

ಸೋಮವಾರ ಟ್ರಂಕಿನ ಚೀಟಿಗಳನ್ನು ದಾರ ಬಿಚ್ಚದೆ ಹಾಗೇ ತನ್ನಿ.